ಸಹಾಯ ಬೇಕು: ಕ್ರಿಕಟ್ ಮೆಷಿನ್‌ಗೆ ನಮ್ಮ ಹಬ್ಬದ ಡಿಸೈನ್‌ಗಳು ಫ್ರೀಯಾಗಿ ಎಲ್ಲಿ ಸಿಗುತ್ತವೆ?

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕ್ರಿಕಟ್ ಎಕ್ಸ್‌ಪ್ಲೋರ್ ಏರ್ 2 ಇದೆ (ಕಂಪ್ಯೂಟರ್‌ನಿಂದ ಕೊಟ್ಟ ಡಿಸೈನ್‌ನಂತೆ ಕಾಗದ ಕತ್ತರಿಸುವ ಮೆಷಿನ್). ಗೌರಿ ಗಣೇಶ ಹಬ್ಬಕ್ಕೆ ದಪ್ಪ ಕಾಗದದಲ್ಲಿ ಮಾವಿನೆಲೆ ತೋರಣ, ಮಂಟಪದ ಹಿಂದೆ ಹಾಕಲು ರಂಗೋಲಿ ಜಾಲರಿ ಕತ್ತರಿಸಬೇಕು. ಎಸ್‌ವಿಜಿ ಫೈಲ್ (ಮೆಷಿನ್ ಗೆರೆ ಹಿಡಿದು ಕತ್ತರಿಸಬಲ್ಲ ಚಿತ್ರದ ಫೈಲ್) ಬೇಕು.

ಹುಡುಕಿದರೆ ಸಿಗುವುದೆಲ್ಲ ಕ್ರಿಸ್‌ಮಸ್ ಮರ, ಹ್ಯಾಲೋವೀನ್ ಕುಂಬಳಕಾಯಿ! ಓಪನ್‌ಕ್ಲಿಪಾರ್ಟ್ ಅನ್ನುವ ಫ್ರೀ ಚಿತ್ರಗಳ ಸೈಟಿನಲ್ಲಿ ಗಣಪತಿ ಸಿಕ್ಕಿತು. ಅಲ್ಲಿನ ಚಿತ್ರಗಳು ಪಬ್ಲಿಕ್ ಡೊಮೇನ್ (ಯಾರು ಬೇಕಾದರೂ ಬಳಸಬಹುದು), ಮಾಡಿ ಮಾರಿದರೂ ಅಡ್ಡಿಯಿಲ್ಲ. ಆದರೆ ಅವು ನೋಡಲು ಬರೆದ ಚಿತ್ರಗಳು, ಕತ್ತರಿಸಲು ಅಲ್ಲ. ಕಣ್ಣು, ಸೊಂಡಿಲಿನ ಗೆರೆ ಎಲ್ಲ ಬಿಡಿ ಚೂರಾಗಿ ಉದುರುತ್ತವೆ.

ಆಮೇಲೆ ನಾನೇ ಬಿಡಿಸಿದ ರಂಗೋಲಿಯ ಫೋಟೋ ತೆಗೆದು, ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಟ್ರೇಸ್ ಬಿಟ್‌ಮ್ಯಾಪ್ (ಫೋಟೋವನ್ನು ಗೆರೆಗಳಾಗಿ ಬದಲಿಸುವುದು) ಮಾಡಿ ನೋಡಿದೆ. ಗೆರೆಗಳು ಚೆನ್ನಾಗಿಯೇ ಬಂದವು. ತೊಂದರೆ ಇರುವುದು ಚುಕ್ಕಿಗಳದ್ದು. ಗೆರೆಗೆ ಅಂಟದ ಚುಕ್ಕಿ ಕಾಗದದಲ್ಲಿ ನಿಲ್ಲುವುದಾದರೂ ಹೇಗೆ? ನಡುವೆ ಸಣ್ಣ ಪಟ್ಟಿ ಎಳೆದು ಯೂನಿಯನ್ (ಆಕಾರಗಳನ್ನು ಒಂದಾಗಿಸುವ ಆಯ್ಕೆ) ಕೊಟ್ಟರೆ ಕೂಡಿಕೊಳ್ಳುತ್ತದೆ, ಆದರೆ ರಂಗೋಲಿಯ ಅಂದವೇ ಹೋಗುತ್ತದೆ. (ಕನ್ನಡ ಅಕ್ಷರಕ್ಕೆ ಮಾತ್ರ ಇದೇ ಯೂನಿಯನ್ ಸೂಪರ್. ‘ಶ್ರೀ’ ಒಂದೇ ತುಂಡಾಗಿ ಬಂತು.)

ಅಕ್ಕಪಕ್ಕದವರೂ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತೇವೆ ಅನ್ನುತ್ತಿದ್ದಾರೆ. ಹಾಗಾಗಿ ‘ಪರ್ಸನಲ್ ಯೂಸ್’ ಅಂತ ಬರೆದಿರುವ ಫೈಲ್ ಬೇಡ. ಫ್ರೀ ಟ್ರಯಲ್ ಅಂತ ಕಾರ್ಡ್ ನಂಬರ್ ಕೇಳುವ ಸೈಟುಗಳೂ ಬೇಡ, ಸುಮ್ನೆ ತಲೆನೋವು.

ತೋರಣ, ಕಮಲ, ರಂಗೋಲಿ ಇವುಗಳ ಕಟ್ ಮಾಡಲು ಸಿದ್ಧವಿರುವ, ಮಾರಾಟಕ್ಕೂ ಒಪ್ಪಿಗೆ ಇರುವ ಫ್ರೀ ಎಸ್‌ವಿಜಿ ಎಲ್ಲಿ ಸಿಗುತ್ತದೆ? ಸಿಗದಿದ್ದರೆ, ಚುಕ್ಕಿ ಉದುರದ ಹಾಗೆ, ಪಟ್ಟಿಯೂ ಎದ್ದು ಕಾಣದ ಹಾಗೆ ನೀವು ಹೇಗೆ ಜೋಡಿಸುತ್ತೀರಿ?