ತಪ್ಪಿಲ್ಲದೆ ಓದುತ್ತಾಳೆ, ಆದರೆ ಓದಿದ್ದನ್ನು ಹೇಳಲಾರಳು: ಎರಡನೇ ತರಗತಿಯ ಮಗುವಿಗೆ ಮನೆಯಲ್ಲಿ ಹೇಗೆ ನೆರವಾಗಬೇಕು?

ಪ್ರಶ್ನೆ (ಎರಡನೇ ತರಗತಿಯ ಮಗುವಿನ ತಾಯಿ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಪಠ್ಯಪುಸ್ತಕದ ಪಾಠವನ್ನು ಅಕ್ಷರ ಕೂಡಿಸಿಕೊಂಡು, ನಿಧಾನವಾಗಿಯಾದರೂ ತಪ್ಪಿಲ್ಲದೆ ಓದುತ್ತಾಳೆ. ಆದರೆ ಪುಟ ಮುಗಿದ ಮೇಲೆ ಅದರಲ್ಲಿ ಏನಿತ್ತು ಎಂದು ಕೇಳಿದರೆ ತಡವರಿಸುತ್ತಾಳೆ. ಗಣಿತದಲ್ಲಿಯೂ ಹೀಗೆಯೇ ಆಗಿದೆ. ನೂರರವರೆಗೆ ಸರಾಗವಾಗಿ ಎಣಿಸುತ್ತಾಳೆ, ಐದರ ಮಗ್ಗಿಯವರೆಗೆ ಒಪ್ಪಿಸುತ್ತಾಳೆ. ಆದರೂ ‘ನೂರಾ ಐದು’ ಬರೆ ಎಂದರೆ 1005 ಎಂದು ಬರೆಯುತ್ತಾಳೆ, 52ರಿಂದ 27 ಕಳೆ ಎಂದರೆ 35 ಎಂಬ ಉತ್ತರ ಕೊಡುತ್ತಾಳೆ. ಹೋಮ್‌ವರ್ಕ್ ಮುಗಿಯುವ ಹೊತ್ತಿಗೆ ಇಬ್ಬರೂ ಸೋತಿರುತ್ತೇವೆ.

ಈ ವಯಸ್ಸಿನ ಮಕ್ಕಳು ನಿಜವಾಗಿ ಕಲಿಯಬೇಕಾದದ್ದು ಏನು, ಅದಕ್ಕೆ ಮನೆಯವರು ಯಾವ ರೀತಿಯಲ್ಲಿ ಜೊತೆಯಾಗಬಹುದು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ. ಇನ್ನಷ್ಟು ಅಭ್ಯಾಸ ಪುಸ್ತಕಗಳನ್ನು ತರಿಸಬೇಕೋ, ಟ್ಯೂಷನ್‌ಗೆ ಕಳುಹಿಸಬೇಕೋ ಎಂಬ ಯೋಚನೆಯಲ್ಲಿದ್ದೇನೆ.

ಉತ್ತರ 1 (ಪ್ರಾಥಮಿಕ ಶಾಲಾ ಶಿಕ್ಷಕಿ)

ಟ್ಯೂಷನ್ ವಿಚಾರವನ್ನು ಸದ್ಯಕ್ಕೆ ಬದಿಗಿಡಿ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಕಲಿಸುವ ನಮಗೆ ನೀವು ವಿವರಿಸಿದಂತಹ ಓದು ಬಹಳ ಪರಿಚಿತ.

ಓದುವಾಗ ಮಗು ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕಾಗುತ್ತದೆ. ಬರಹದ ಗುರುತುಗಳನ್ನು ಧ್ವನಿಯಾಗಿ ಬಿಡಿಸಿಕೊಳ್ಳುವುದು ಒಂದು, ಹಾಗೆ ಬಿಡಿಸಿಕೊಂಡ ಮಾತಿನ ಅರ್ಥವನ್ನು ಹಿಡಿಯುವುದು ಇನ್ನೊಂದು. ಮೊದಲನೆಯದು ಇನ್ನೂ ಪ್ರಯಾಸವಾಗಿರುವಾಗ ಗಮನವೆಲ್ಲ ಅದಕ್ಕೇ ಖರ್ಚಾಗಿ, ವಾಕ್ಯದ ಕೊನೆಯನ್ನು ಮುಟ್ಟುವಷ್ಟರಲ್ಲಿ ಅದರ ಆರಂಭ ಮರೆತುಹೋಗಿರುತ್ತದೆ. ನಮ್ಮ ಲಿಪಿಯಲ್ಲಿ ಈ ಹಂತ ತುಸು ದೀರ್ಘವಾಗಿಯೇ ಇರುತ್ತದೆ. ವರ್ಣಮಾಲೆಯ 49 ಅಕ್ಷರಗಳನ್ನು ಗುರುತಿಸಿದ ಮೇಲೆ 34 ವ್ಯಂಜನಗಳ ಕಾಗುಣಿತವಿದೆ. ಅಲ್ಲಿಗೇ ರೂಪಗಳ ಸಂಖ್ಯೆ 500ರ ಆಸುಪಾಸಿಗೆ ಬರುತ್ತದೆ, ಒತ್ತಕ್ಷರಗಳು ಅದರ ಮೇಲೆ. ‘ಸೂರ್ಯ’ ಎಂದು ಓದುವ ಮಗುವಿನ ಕಷ್ಟವನ್ನು ಯೋಚಿಸಿ ನೋಡಿ: ಬಾಯಲ್ಲಿ ರಕಾರ ಮೊದಲು ಬರಬೇಕು, ಪುಟದಲ್ಲಿ ಮಾತ್ರ ಅರ್ಕಾವತ್ತು ಯಕಾರದ ಬಲಕ್ಕೆ ಕುಳಿತಿರುತ್ತದೆ. ಇದನ್ನೆಲ್ಲ ಏಳು ವರ್ಷದ ಮಗು ಸರಿಯಾಗಿ ಬಿಡಿಸುತ್ತಿದೆ ಎಂದರೆ ಅದು ದೊಡ್ಡ ಸಾಧನೆಯೇ ಎಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ.

ತೊಡಕು ಎಲ್ಲಿದೆ ಎಂದು ತಿಳಿಯಲು ಅವಳು ಇನ್ನೂ ಓದಿರದ ಒಂದು ಪುಟವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಅದರ ಬಗ್ಗೆ ಮಾತನಾಡಿಸಿ. ಕೇಳಿದ್ದನ್ನು ಅವಳು ಚೆನ್ನಾಗಿ ಹೇಳಿದರೆ ಗ್ರಹಿಕೆಗೆ ಕೊರತೆಯಿಲ್ಲ, ಬಿಡಿಸಿ ಓದುವುದು ಇನ್ನೂ ಸಲೀಸಾಗಬೇಕಷ್ಟೇ. ಕೇಳಿದಾಗಲೂ ಹೇಳಲಾಗದಿದ್ದರೆ ಅಲ್ಲಿನ ಪದಗಳೋ ವಾಕ್ಯರಚನೆಯೋ ಅವಳಿಗೆ ಹೊಸದು. ಆಗ ಬೇಕಾದದ್ದು ಹೆಚ್ಚಿನ ಮಾತುಕತೆ. ಮೊದಲ ಸಂದರ್ಭದಲ್ಲಿ ಒಂದೇ ಚಿಕ್ಕ ಕಥೆಯನ್ನು ಮತ್ತೆ ಮತ್ತೆ ಓದಿಸುವುದು ಬಹಳ ಫಲ ಕೊಡುತ್ತದೆ. ನೀವು ಒಂದು ವಾಕ್ಯ ಓದಿ, ಅವಳು ಒಂದು ವಾಕ್ಯ ಓದಲಿ. ಪದವೊಂದರಲ್ಲಿ ಸಿಕ್ಕಿಕೊಂಡರೆ ಸ್ವಲ್ಪ ಕಾದು, ಆಗದಿದ್ದರೆ ಹೇಳಿಕೊಟ್ಟು ಮುಂದುವರಿಯಿರಿ, ಏಕೆಂದರೆ ಪ್ರತಿ ಪದಕ್ಕೂ ನಿಲ್ಲಿಸಿ ತಿದ್ದಿದರೆ ಕಥೆಯ ಎಳೆಯೇ ಕಡಿದುಹೋಗುತ್ತದೆ.

ಮಗು ಸ್ವಂತವಾಗಿ ಓದಲು ಕಲಿತಿತು ಎಂದು ಹಿರಿಯರು ಓದಿ ಹೇಳುವುದನ್ನು ನಿಲ್ಲಿಸಬಾರದು. ಈ ವಯಸ್ಸಿನ ಮಕ್ಕಳು ತಾವು ಓದಬಲ್ಲದ್ದಕ್ಕಿಂತ ಕಠಿಣವಾದುದನ್ನು ಕೇಳಿ ಅರ್ಥಮಾಡಿಕೊಳ್ಳಬಲ್ಲರು, ಪುಸ್ತಕದಲ್ಲಷ್ಟೇ ಸಿಗುವ ಪದಗಳು ಅವರಿಗೆ ಮೊದಲು ಒಲಿಯುವುದು ಕಿವಿಯ ಮೂಲಕವೇ. ‘ಏನಿತ್ತು ಹೇಳು’ ಎಂದಾಗ ಪರೀಕ್ಷೆಯ ಭಯ ಮೂಡುತ್ತದೆ. ‘ಅವನು ಯಾಕೆ ಹಾಗೆ ಮಾಡಿರಬಹುದು, ನೀನಾಗಿದ್ದರೆ ಏನು ಮಾಡುತ್ತಿದ್ದೆ’ ಎಂದು ಕೇಳಿದರೆ ಮಾತು ತಾನಾಗಿ ಹೊರಡುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಪುಸ್ತಕವನ್ನು ಕಣ್ಣಿಗೆ ತೀರ ಹತ್ತಿರ ಹಿಡಿಯುತ್ತಿದ್ದರೆ, ಕರೆದಾಗ ಸರಿಯಾಗಿ ಕೇಳಿಸದಂತಿದ್ದರೆ, ಕಣ್ಣು ಮತ್ತು ಕಿವಿಯ ತಪಾಸಣೆಯನ್ನು ಮುಂದೂಡಬೇಡಿ.

ಉತ್ತರ 2 (ಗಣಿತ ಕಲಿಸುವವರು)

ಓದಿನ ಬಗ್ಗೆ ಮೇಡಂ ಹೇಳಿದ್ದಾರೆ. ನಾನು ಲೆಕ್ಕದ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಗಳ ಎರಡೂ ತಪ್ಪುಗಳ ಹಿಂದೆ ಒಂದು ತರ್ಕವಿದೆ. ನೂರನ್ನು 100 ಎಂದೂ ಐದನ್ನು 5 ಎಂದೂ ಬಲ್ಲ ಮಗು ಕಿವಿಗೆ ಬಿದ್ದಂತೆ ಎರಡನ್ನೂ ಅಕ್ಕಪಕ್ಕ ಬರೆದಾಗ 1005 ಆಗುತ್ತದೆ. ಹಾಗೆಯೇ ಬಿಡಿಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲವೆಂದು ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾಳೆ. ಎರಡಕ್ಕೂ ಮೂಲ ಸ್ಥಾನಬೆಲೆ, ಅಂದರೆ ಅಂಕೆ ಕುಳಿತ ಸ್ಥಾನಕ್ಕೆ ತಕ್ಕಂತೆ ಅದರ ಬೆಲೆ ಬದಲಾಗುತ್ತದೆ ಎಂಬ ವಿಚಾರ, ಮತ್ತು ಮೊದಲ ಮೂರು ತರಗತಿಗಳ ಗಣಿತದಲ್ಲಿ ಅದಕ್ಕಿಂತ ಮುಖ್ಯವಾದ ವಿಚಾರ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಗದದ ಮೇಲೆ ಎಷ್ಟು ಬಾರಿ ತಿದ್ದಿದರೂ ಇದು ಸರಿಹೋಗುವುದಿಲ್ಲ, ಕೈಯಲ್ಲಿ ಹಿಡಿದು ನೋಡಬೇಕು. ಕಡ್ಡಿಗಳನ್ನು ಹತ್ತು ಹತ್ತಾಗಿ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಅವಳ ಮುಂದಿಡಿ. ಅದರಲ್ಲಿ 27 ಕೊಡು ಎಂದರೆ ಎರಡು ಕಟ್ಟು ಸುಲಭವಾಗಿ ಬರುತ್ತದೆ, ಏಳು ಬಿಡಿ ಕಡ್ಡಿಗಳು ಸಿಗುವುದಿಲ್ಲ. ಆಗ ಸುಮ್ಮನೆ ಕುಳಿತು ನೋಡಿ. ಒಂದು ಕಟ್ಟನ್ನು ಬಿಚ್ಚಬೇಕೆಂದು ಅವಳಿಗೇ ಹೊಳೆದ ದಿನ ‘ದಶಕ ತೆಗೆದುಕೊಳ್ಳುವುದು’ ಎಂಬ ಮಾತಿಗೆ ಅರ್ಥ ಬರುತ್ತದೆ. ಉಳಿದದ್ದನ್ನು ಎಣಿಸಿದರೆ 25. ಅವಳು ಮೊದಲು ಕೊಟ್ಟ 35ನ್ನೂ ಅಳಿಸದೆ, 27ಕ್ಕೆ ಅದನ್ನು ಕೂಡಿಸಿ ನೋಡಲು ಹೇಳಿ. 62 ಬಂದಾಗ ಎಲ್ಲೋ ಎಡವಿದ್ದೇನೆಂದು ಅವಳೇ ಕಂಡುಕೊಳ್ಳುತ್ತಾಳೆ. 1005ಕ್ಕಾದರೆ 100 ಎಂದು ಬರೆದ ಉದ್ದನೆಯ ಚೀಟಿಯ ಕೊನೆಯ ಸೊನ್ನೆಯ ಮೇಲೆ 5 ಎಂದು ಬರೆದ ಪುಟ್ಟ ಚೀಟಿಯನ್ನು ಇಡಿಸಿದರೆ 105 ಕಣ್ಣೆದುರೇ ಮೂಡುತ್ತದೆ.

ಬಿಡುವಾದಾಗ 8 + 4 = □ + 5 ಎಂದು ಬರೆದುಕೊಟ್ಟು ನೋಡಿ. ಪೆಟ್ಟಿಗೆಯಲ್ಲಿ 12 ಎಂದು ಬರೆಯುವ ಮಕ್ಕಳು ಬಹಳ. ಸಮ ಚಿಹ್ನೆ ‘ಉತ್ತರ ಬರೆ’ ಎಂಬ ಆಜ್ಞೆಯೆಂದು ಅವರು ತಿಳಿದಿರುತ್ತಾರೆ. ಎರಡೂ ಬದಿ ಒಂದೇ ಎಂಬ ಅರ್ಥ ಈಗಲೇ ಕೂತರೆ ಮುಂದೆ ಬೀಜಗಣಿತದಲ್ಲಿ ನೆರವಾಗುತ್ತದೆ. ಬೆರಳೆಣಿಕೆಯನ್ನು ಮಾತ್ರ ದಯವಿಟ್ಟು ತಡೆಯಬೇಡಿ, ಬೇಡವಾದಾಗ ಅದು ತಾನಾಗಿಯೇ ಬಿಟ್ಟುಹೋಗುತ್ತದೆ.

ಉತ್ತರ 3 (ಮೊಮ್ಮಕ್ಕಳ ಓದಿಗೆ ಜೊತೆಯಾಗುವ ಅಜ್ಜ)

ಮೇಲಿನವರ ಮಾತುಗಳನ್ನು ಒಪ್ಪುತ್ತಲೇ, ಬಾಯಿಪಾಠದ ಪರವಾಗಿ ಒಂದು ಮಾತು ಹೇಳಬೇಕೆನಿಸಿತು. ಮಗ್ಗಿ ನಾಲಿಗೆಯ ತುದಿಯಲ್ಲಿದ್ದರೆ ದೊಡ್ಡ ಲೆಕ್ಕ ಮಾಡುವಾಗ ಮನಸ್ಸು ಹಗುರಾಗಿರುತ್ತದೆ. ಆದರೆ ಏಳೆಂಟಲ ಎಷ್ಟೆಂದು ಮರೆತರೆ ಏಳೇಳಲ 49, ಅದಕ್ಕೆ ಇನ್ನೊಂದು ಏಳು ಸೇರಿದರೆ 56 ಎಂದು ದಾರಿ ಹುಡುಕಿಕೊಳ್ಳುವುದನ್ನೂ ಜೊತೆಗೇ ಕಲಿಸಬೇಕು.

ಹೋಮ್‌ವರ್ಕ್‌ಗೆ ಕೂರಿಸುವ ಮುನ್ನ ಮಗುವನ್ನು ಆಡಲು ಬಿಡಿ, ಸೋತಿದ್ದಾಳೆ ಎನಿಸಿದರೆ ಅಲ್ಲಿಗೇ ನಿಲ್ಲಿಸಿ, ಎಷ್ಟಾಯಿತೆಂದು ಶಿಕ್ಷಕರಿಗೆ ಒಂದು ಸಾಲು ಬರೆದು ಕಳುಹಿಸಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ಆ ನಿದ್ದೆಯನ್ನು ಕಡಿದು ಬರೆಸಿದ್ದು ಮಗುವಿನ ತಲೆಯಲ್ಲಿ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಡಂ ಹೇಳಿದಂತೆ ಒಂದು ಪುಟವನ್ನು ನಾನೇ ಓದಿ ಹೇಳಿದೆ. ಕಥೆಯನ್ನು ಪೂರ್ತಿಯಾಗಿ ಹೇಳಿದಳು, ಆದರೆ ಪುಸ್ತಕದ ಭಾಷೆಯಲ್ಲಿ ಹೇಳದೆ ನಾವು ಮನೆಯಲ್ಲಿ ಆಡುವ ಮಾತಿನಲ್ಲಿ ಹೇಳಿದಳು. ಆಗ ತಿದ್ದಬೇಕಿತ್ತೇ?

ಉತ್ತರ 1ರ ಶಿಕ್ಷಕಿಯಿಂದ

ಬೇಡ, ತಿದ್ದಬೇಡಿ. ತನ್ನ ಮಾತಿನಲ್ಲಿ ಹೇಳಿದಳೆಂದರೆ ಕಥೆ ಅವಳಿಗೆ ಪೂರ್ತಿ ದಕ್ಕಿದೆ ಎಂದೇ ಅರ್ಥ. ಪಾಠದ ಸಾಲುಗಳನ್ನೇ ಒಪ್ಪಿಸಿದ್ದರೆ ಅದು ನಮಗೆ ತಿಳಿಯುತ್ತಿರಲಿಲ್ಲ. ಅವಳು ಹೇಳಿ ಮುಗಿಸಿದ ನಂತರ ಪುಸ್ತಕದ ಒಂದೆರಡು ಪದಗಳನ್ನು ನಿಮ್ಮ ಮಾತಿನೊಳಗೆ ಸಹಜವಾಗಿ ಬಳಸಿ, ಅವು ನಿಧಾನವಾಗಿ ಅವಳವೂ ಆಗುತ್ತವೆ. ಮನೆಯಲ್ಲಿ ಶಾಲೆಯ ಭಾಷೆಯನ್ನೇ ಆಡಬೇಕೆಂಬ ಒತ್ತಾಯವೂ ಬೇಡ. ಮುಂದಿನ ವಾರ ಅವಳು ಹೇಳಿದ ಕಥೆಯನ್ನು ಅವಳ ಮಾತಿನಲ್ಲೇ ನೀವು ದೊಡ್ಡ ಅಕ್ಷರಗಳಲ್ಲಿ ಬರೆದು, ಅದನ್ನೇ ಅವಳಿಂದ ಓದಿಸಿ. ಮುಂದಿನ ಪದ ಏನೆಂದು ಮೊದಲೇ ಗೊತ್ತಿರುವುದರಿಂದ ಬಿಡಿಸುವ ಪ್ರಯಾಸ ಕಡಿಮೆಯಾಗಿ ಓದು ಸರಾಗವಾಗುತ್ತದೆ. ಒತ್ತಕ್ಷರವಿರುವ ಪದಗಳಲ್ಲಿ ಎಲ್ಲಿ ತಡೆಯುತ್ತಾಳೆ ಎಂದು ಗುರುತು ಹಾಕಿಕೊಂಡು ಅವಳ ತರಗತಿಯ ಶಿಕ್ಷಕರಿಗೆ ತೋರಿಸಿದರೆ, ಅವರಿಗೂ ಎಲ್ಲಿಂದ ಹಿಡಿಯಬೇಕೆಂದು ತಿಳಿಯುತ್ತದೆ.