ಅಂಗಡಿ ಕಂಪ್ಯೂಟರ್‌ನಲ್ಲಿ ಪಾಪ್‌ಅಪ್ ಕಾಟ, ಚಿಕ್ಕದೊಂದು ಬ್ಲಾಕರ್ ಇದ್ದರೆ ಹೇಳಿ

ಜೆರಾಕ್ಸ್_ಅಂಗಡಿ ಕೇಳಿದ್ದು:

ತಿಪಟೂರು ಕಡೆ ನಮ್ಮದೊಂದು ಜೆರಾಕ್ಸ್ ಅಂಗಡಿ. ಪಹಣಿ, ಜಾತಿ-ಆದಾಯ ಸರ್ಟಿಫಿಕೇಟ್ ಅರ್ಜಿ, ಸ್ಕಾಲರ್‌ಶಿಪ್, ಎಸ್ಸೆಸ್ಸೆಲ್ಸಿ ರಿಸಲ್ಟ್ ಪ್ರಿಂಟ್, ಎಲ್ಲ ಮಾಡಿಕೊಡುತ್ತೇವೆ. ಎರಡು ಕಂಪ್ಯೂಟರ್ ಇವೆ. ನಾನು ಕೂರುವುದು ಸರಿಯಾಗೇ ಇದೆ. ಇನ್ನೊಂದನ್ನು ಗಿರಾಕಿಗಳೇ ಬಳಸುತ್ತಾರೆ, ಕಾಟ ಇರುವುದು ಅದರಲ್ಲಿ. ವಿಂಡೋಸ್ 10, ಕ್ರೋಮ್, 4 ಜಿಬಿ ರ್‍ಯಾಮ್.

ಬಲಗಡೆ ಕೆಳಗಿನ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಇವೆ, ಈಗಲೇ ಕ್ಲೀನ್ ಮಾಡಿ’ ಅಂತ ಇಂಗ್ಲಿಷ್‌ನಲ್ಲಿ ಚೀಟಿ ಏಳುತ್ತದೆ. ಒಂದನ್ನು ಮುಚ್ಚಿದರೆ ಇನ್ನೊಂದು. ಕೆಲವು ಸಲ ಹುಡುಗಿಯರ ಫೋಟೋ, ‘ನಿಮ್ಮ ಊರಿನವರೇ, ಮಾತಾಡಿ’ ಅಂತ. ಮೊನ್ನೆ ಹೈಸ್ಕೂಲ್ ಮೇಷ್ಟ್ರೊಬ್ಬರು ಮಗಳ ಅರ್ಜಿ ತುಂಬಲು ಬಂದು ಕೂತಿದ್ದಾಗ ಅದೇ ಬಂತು. ಅವರು ಸ್ಕ್ರೀನ್ ನೋಡಲಿಲ್ಲ, ತಿರುಗಿ ನನ್ನ ಮುಖ ನೋಡಿದರು.

ಇದು ಸಾಲದು ಅಂತ, ಹುಡುಗರು ಕ್ರಿಕೆಟ್ ನೋಡುವ ಸೈಟ್‌ಗಳಲ್ಲಿ ಎಲ್ಲಿ ಒತ್ತಿದರೂ ಬೆಟ್ಟಿಂಗ್ ಪುಟ ತೆರೆದುಕೊಳ್ಳುತ್ತದೆ. ತಮಾಷೆ ಅಂದ್ರೆ, ಒಂದು ಸರ್ಕಾರಿ ಸೈಟ್‌ನಲ್ಲಿ ನಾವೇ ಪ್ರಿಂಟ್ ಒತ್ತಿದಾಗ ಏನೂ ಬರುವುದಿಲ್ಲ! ಬೇಡದ ಕಿಟಕಿ ಬಿಡುವುದಿಲ್ಲ, ಬೇಕಾದ್ದು ಬರುವುದಿಲ್ಲ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಗಡಿಯಾರದ ಪಕ್ಕ ಕೂರುವ ಚಿಕ್ಕ ಸಾಫ್ಟ್‌ವೇರ್ ಒಂದು ಇತ್ತು. ಪಾಪ್‌ಅಪ್ ಬಂದ ತಕ್ಷಣ ‘ಟಕ್’ ಅಂತ ಸದ್ದು ಮಾಡಿ ಮುಚ್ಚಿಬಿಡುತ್ತಿತ್ತು. ಅಂಥದ್ದು ಈಗ ಸಿಗುತ್ತಾ? ಈ ಚೀಟಿಯಲ್ಲೇ ಒಂದು ಬ್ಲಾಕರ್ ಜಾಹೀರಾತು ಬರುತ್ತಿದೆ, ವರ್ಷಕ್ಕೆ 999 ರೂಪಾಯಿ. ತಗೊಳ್ಳಬಹುದಾ?

ಸುಮ್ನೆ_ಓದುಗ:

ಯುಬ್ಲಾಕ್ ಒರಿಜಿನ್ ಅಂತ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ಇದೆ, ಅದನ್ನು ಹಾಕಿ, ಮುಗೀತು. ಹಾಗೇ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ. ಅದನ್ನೂ ಸ್ವಲ್ಪ ಯೋಚನೆ ಮಾಡಿ.

ಹಳೇ_ಪೆಂಟಿಯಮ್:

ಮುಗಿಯುವುದಿಲ್ಲ. ಆ ಮೂಲೆಯ ಚೀಟಿಗೆ ಯುಬ್ಲಾಕ್ ಏನೂ ಮಾಡಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ 999 ರೂಪಾಯಿ ಜೇಬಲ್ಲೇ ಇರಲಿ. ಪಾಪ್‌ಅಪ್ ತೋರಿಸಿ ಪಾಪ್‌ಅಪ್ ಬ್ಲಾಕರ್ ಮಾರುವುದು ತುಂಬಾ ಹಳೇ ದಂಧೆ. ಎಕ್ಸ್‌ಪಿಯಲ್ಲಿ ಬ್ರೌಸರ್ ತೆರೆಯದಿದ್ದರೂ ಬೂದು ಬಣ್ಣದ ಒಂದು ಡಬ್ಬಿ ಬರುತ್ತಿತ್ತು, ನೆನಪಿದೆಯಾ? ಮೇಲೆ ‘ಮೆಸೆಂಜರ್ ಸರ್ವಿಸ್’ ಅಂತ ಇರುತ್ತಿತ್ತು. ಆಫೀಸಿನ ನೆಟ್‌ವರ್ಕ್‌ನಲ್ಲಿ ಎಲ್ಲರಿಗೂ ಸೂಚನೆ ಕಳಿಸಲು ಇಟ್ಟಿದ್ದ ಸೌಲಭ್ಯ ಅದು. ಜಾಹೀರಾತಿನವರು ಹೊರಗಿಂದ ಅದರೊಳಕ್ಕೆ ತೂರಿಕೊಂಡರು. 2003ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ಕಂಪನಿಯನ್ನು ಕೋರ್ಟಿಗೆ ಎಳೆದದ್ದು ಇದಕ್ಕೇ. ಅವರು ಆ ಡಬ್ಬಿ ಕಳಿಸಿ, ಡಬ್ಬಿ ನಿಲ್ಲಿಸುವ ಸಾಫ್ಟ್‌ವೇರ್ ಮಾರುತ್ತಿದ್ದರು! 2004ರ ಆಗಸ್ಟ್‌ನಲ್ಲಿ ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 2 ಅನ್ನುವ ದೊಡ್ಡ ಅಪ್‌ಡೇಟ್ ಬಂದಾಗ ಮೆಸೆಂಜರ್ ಸರ್ವಿಸ್ ಆಫ್ ಆಯಿತು, ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಳಗೇ ಬ್ಲಾಕರ್ ಸೇರಿತು. ಮೊಜಿಲ್ಲಾ, ಒಪೆರಾದಲ್ಲಿ ಮುಂಚೆಯೇ ಇತ್ತು. ನಿಮ್ಮ ‘ಟಕ್’ ಸಾಫ್ಟ್‌ವೇರ್‌ಗಳಿಗೆ ಅಲ್ಲಿಗೆ ಕೆಲಸ ತಪ್ಪಿತು. ಈಗ ಆ ಹೆಸರುಗಳನ್ನು ಹುಡುಕಿ ಎಲ್ಲಿಂದಲೋ ಡೌನ್‌ಲೋಡ್ ಮಾಡಬೇಡಿ, ಜೊತೆಗೆ ಇನ್ನೇನು ಬರುತ್ತದೋ ಗೊತ್ತಿಲ್ಲ.

ಇನ್ನು ನಿಮ್ಮ ಕಾಟ. ನೀವು ಒಂದೇ ಅಂದುಕೊಂಡಿರುವುದು ಮೂರು ಬೇರೆ ಬೇರೆ ಕಾಯಿಲೆ.

ಮೂಲೆಯ ಚೀಟಿ ಪಾಪ್‌ಅಪ್ ಕಿಟಕಿಯೇ ಅಲ್ಲ, ನೋಟಿಫಿಕೇಶನ್. ಯಾರೋ ಒಬ್ಬರು ಯಾವುದೋ ಸೈಟ್‌ನಲ್ಲಿ ‘ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ’ ಅಂತ ಇದ್ದದ್ದನ್ನು ಒತ್ತಿದ್ದಾರೆ. ರಿಸಲ್ಟ್ ದಿನ ಸರ್ವರ್ ಸಿಗದೆ ಸಿಕ್ಕ ಸಿಕ್ಕ ಸೈಟ್‌ಗೆ ಹೋಗುತ್ತಾರಲ್ಲ, ಆಗ ಇಂಥದ್ದು ಜಾಸ್ತಿ. ಆ ಸೈಟ್ ಮುಚ್ಚಿದರೂ ಒಪ್ಪಿಗೆ ಹಾಗೇ ಉಳಿದಿರುತ್ತದೆ. ಈ ಸಲ ಚೀಟಿ ಬಂದಾಗ ಗಾಬರಿಯಿಂದ ಮುಚ್ಚಬೇಡಿ, ಹತ್ತಿರದಿಂದ ನೋಡಿ. ವೈರಸ್ ಕೂಗಾಟದ ಆಸುಪಾಸಲ್ಲೇ ಗೂಗಲ್ ಕ್ರೋಮ್ ಅನ್ನುವ ಹೆಸರು, ಜೊತೆಗೆ ಚಿಕ್ಕ ಅಕ್ಷರದಲ್ಲಿ ಸೈಟ್‌ನ ವಿಳಾಸ ಇರುತ್ತದೆ. ನಿಜವಾದ ಆಂಟಿವೈರಸ್ ಕ್ರೋಮ್ ಮೂಲಕ ಯಾಕೆ ಮಾತಾಡುತ್ತೆ? ಆ ವಿಳಾಸ ಬರೆದಿಟ್ಟುಕೊಳ್ಳಿ. ಕ್ರೋಮ್ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಒಪ್ಪಿಗೆ ಸಿಕ್ಕ ಸೈಟ್‌ಗಳ ಪಟ್ಟಿ ಇದೆ, ಎಲ್ಲ ತೆಗೆದುಹಾಕಿ. ಮೇಲೆ ಇರುವ ಆಯ್ಕೆಯಲ್ಲಿ ಯಾವ ಸೈಟ್‌ಗೂ ನೋಟಿಫಿಕೇಶನ್ ಬೇಡ ಅಂತ ಇಟ್ಟುಬಿಡಿ. ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ಗೆ ಒಂದೇ ಒಂದು ನೋಟಿಫಿಕೇಶನ್ ಕೂಡ ಬೇಕಾಗಿಲ್ಲ.

ಎರಡನೆಯದು ಕ್ರಿಕೆಟ್ ಸೈಟ್. ಬ್ರೌಸರ್‌ನ ಸ್ವಂತ ಬ್ಲಾಕರ್ ನೋಡುವುದು ಮುಖ್ಯವಾಗಿ ಒಂದೇ ವಿಷಯ: ಕಿಟಕಿ ತಾನಾಗಿ ತೆರೆಯುತ್ತಿದೆಯಾ, ಇಲ್ಲಾ ನೀವು ಏನೋ ಒತ್ತಿದ್ದಕ್ಕೆ ತೆರೆಯುತ್ತಿದೆಯಾ? ತಾನಾಗಿ ತೆರೆದರೆ ತಡೆಯುತ್ತದೆ. ನೀವು ಒತ್ತಿದ್ದರೆ ಬಿಡುತ್ತದೆ. ಇದು ಗೊತ್ತಿದ್ದೇ ಆ ಸೈಟಿನವರು ಪ್ಲೇ ಬಟನ್ ಮೇಲೆ ಕಣ್ಣಿಗೆ ಕಾಣದ ಒಂದು ಪದರ ಹಾಸಿರುತ್ತಾರೆ. ನಿಮ್ಮ ಮೊದಲ ಒತ್ತು ಬೀಳುವುದು ಪದರಕ್ಕೆ. ಬ್ರೌಸರ್ ಪಾಪ, ನೀವೇ ಕೇಳಿದ್ದೀರಿ ಅಂದುಕೊಂಡು ಬೆಟ್ಟಿಂಗ್ ಪುಟ ತೆರೆಯುತ್ತದೆ. ಇದಕ್ಕೆ ಮಾತ್ರ ಯುಬ್ಲಾಕ್ ಒರಿಜಿನ್ ಬೇಕು. ನೀವು ಕೇಳಿದ ‘ಚಿಕ್ಕ ಸಾಫ್ಟ್‌ವೇರ್’ ಈ ಕಾಲಕ್ಕೆ ಇದೇ. ಹೆಸರಲ್ಲಿ ‘ಒರಿಜಿನ್’ ಇರಲೇಬೇಕು. ಬರೀ ಯುಬ್ಲಾಕ್ ಅನ್ನುವುದು ಬೇರೆಯವರದ್ದು.

ಮೂರನೆಯದು ಪ್ರಿಂಟ್. ಪ್ರಿಂಟ್ ಒತ್ತಿದ ಮೇಲೆ ಸರ್ವರ್ ಉತ್ತರ ತಡವಾದರೆ, ನೀವು ಒತ್ತಿದ್ದಕ್ಕೂ ಕಿಟಕಿಗೂ ಸಂಬಂಧವಿಲ್ಲ ಅಂತ ಕ್ರೋಮ್ ತಡೆದುಬಿಡುತ್ತದೆ. ಹಾಗೆ ತಡೆದಾಗ ವಿಳಾಸ ಬರೆಯುವ ಜಾಗದ ಬಲತುದಿಯಲ್ಲಿ ಪಾಪ್‌ಅಪ್ ತಡೆದಿದ್ದೇನೆ ಅಂತ ತೋರಿಸುವ ಸಣ್ಣ ಚಿತ್ರ ಬರುತ್ತದೆ. ಅದನ್ನು ಒತ್ತಿ, ಈ ಸೈಟ್‌ಗೆ ಯಾವಾಗಲೂ ಬಿಡು ಅನ್ನುವುದನ್ನು ಆರಿಸಿ. ರಾಜ್ಯ ಸರ್ಕಾರದ ಬಹುತೇಕ ಸೈಟ್‌ಗಳಿಗೆ ಒಂದೇ ಸಲ ಬಿಡಬೇಕು ಅಂದ್ರೆ, ಸೈಟ್ ಸೆಟ್ಟಿಂಗ್ಸ್‌ನಲ್ಲಿ ಪಾಪ್‌ಅಪ್ ಅಂಡ್ ರೀಡೈರೆಕ್ಟ್ಸ್‌ಗೆ ಹೋಗಿ, ಸೇರಿಸುವ ಜಾಗದಲ್ಲಿ ಮೊದಲು [*.] ಹಾಕಿ, ಮಧ್ಯೆ ಜಾಗ ಬಿಡದೆ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಅಂತ ಇಂಗ್ಲಿಷ್‌ನಲ್ಲಿ ಬರೆಯಿರಿ. ಭೂಮಿ, ಕಾವೇರಿ, ಸೇವಾಸಿಂಧು ಎಲ್ಲವೂ ಅದರೊಳಗೆ ಬರುತ್ತವೆ.

ಮಲೆನಾಡ್_ಮೌಸ್:

ಪೆಂಟಿಯಮ್ ಸಾರ್ ಒಂದು ಬಿಟ್ಟರು. ಕ್ರೋಮ್‌ನಲ್ಲಿ ಈಗ ಪೂರ್ತಿ ಯುಬ್ಲಾಕ್ ಒರಿಜಿನ್ ಓಡುವುದಿಲ್ಲ. ಹಳೇ ಬಗೆಯ ಎಕ್ಸ್‌ಟೆನ್ಶನ್‌ಗಳನ್ನು ಗೂಗಲ್ 2025ರಲ್ಲಿ ನಿಲ್ಲಿಸಿತು. ಸಿಗುವುದು ಯುಬ್ಲಾಕ್ ಒರಿಜಿನ್ ಲೈಟ್, ಅದರಲ್ಲಿ ಎಲ್ಲ ಸೌಲಭ್ಯ ಇಲ್ಲ. ಫೈರ್‌ಫಾಕ್ಸ್ ಹಾಕಿದರೆ ಪೂರ್ತಿಯದ್ದೇ ಸಿಗುತ್ತದೆ. ಅದರ ಚಿಹ್ನೆ ಒತ್ತಿದರೆ ಕೆಳಗೆ ಸಣ್ಣ ಸ್ವಿಚ್‌ಗಳ ಸಾಲು ಇದೆ. ಅದರಲ್ಲಿ ಒಂದು, ಈ ಸೈಟ್‌ನ ಎಲ್ಲ ಪಾಪ್‌ಅಪ್ ಬಂದ್ ಮಾಡುವುದು. ಒತ್ತಿದ ಮೇಲೆ ಬೀಗದ ಚಿತ್ರವನ್ನೂ ಒತ್ತಬೇಕು, ಇಲ್ಲದಿದ್ದರೆ ಅದು ಬರೀ ತಾತ್ಕಾಲಿಕ.

ನಾನಾಗಿದ್ದರೆ ಗಿರಾಕಿಗಳಿಗೆ ಕ್ರೋಮ್‌ನ ಗೆಸ್ಟ್ ಕಿಟಕಿಯನ್ನೇ ಕೊಡುತ್ತಿದ್ದೆ. ಮುಚ್ಚಿದ ತಕ್ಷಣ ಹಿಸ್ಟರಿ, ಲಾಗಿನ್ ಎಲ್ಲ ಅಳಿಸಿಹೋಗುತ್ತದೆ, ಡೌನ್‌ಲೋಡ್ ಮಾಡಿದ ಫೈಲ್ ಮಾತ್ರ ಉಳಿಯುತ್ತದೆ. ಯಾರು ಏನು ಅಲೋ ಒತ್ತಿದರೂ ಮುಂದಿನವರಿಗೆ ಉಳಿಯುವುದಿಲ್ಲ. ಅವರ ಇಮೇಲ್ ಪಾಸ್‌ವರ್ಡ್ ನಿಮ್ಮ ಕಂಪ್ಯೂಟರ್‌ನಲ್ಲಿ ಬಿದ್ದಿರುವುದೂ ತಪ್ಪುತ್ತದೆ.

ಹಳೇ_ಪೆಂಟಿಯಮ್:

ಗೆಸ್ಟ್ ಒಳ್ಳೇ ಸಲಹೆ. ಆದರೆ ಗೆಸ್ಟ್‌ನಲ್ಲಿ ಎಕ್ಸ್‌ಟೆನ್ಶನ್ ಓಡುವುದಿಲ್ಲ, ನೀವು ಮಾಡಿಟ್ಟ ಸರ್ಕಾರಿ ಸೈಟ್ ಒಪ್ಪಿಗೆಯೂ ಅಲ್ಲಿ ಇರುವುದಿಲ್ಲ. ವಿಳಾಸದ ಪಕ್ಕದ ಆ ಸಣ್ಣ ಚಿತ್ರ ಪ್ರತಿ ಸಲ ಒತ್ತಬೇಕು. ಅರ್ಜಿ ಕೆಲಸಕ್ಕೆ ಗೆಸ್ಟ್, ಕ್ರಿಕೆಟ್ ನೋಡುವವರಿಗೆ ಯುಬ್ಲಾಕ್ ಇರುವ ಫೈರ್‌ಫಾಕ್ಸ್ ಅಂತ ಡೆಸ್ಕ್‌ಟಾಪ್ ಮೇಲೆ ಎರಡು ಐಕಾನ್ ಇಡಿ. ಕ್ರಿಕೆಟ್‌ನವರಿಗೆ ‘ಮನೆಗೆ ಹೋಗಿ ನೋಡ್ರೋ’ ಅನ್ನುವುದು ಇನ್ನೂ ಒಳ್ಳೇದು, ಅದು ನಿಮ್ಮ ವ್ಯಾಪಾರದ ವಿಷಯ.

ಜೆರಾಕ್ಸ್_ಅಂಗಡಿ:

ಎಲ್ಲರಿಗೂ ಥ್ಯಾಂಕ್ಸ್. ನೋಟಿಫಿಕೇಶನ್ ಪಟ್ಟಿ ತೆರೆದರೆ ಒಂದು ಮೈಲಿ ಉದ್ದ ಇತ್ತು! ಅಕ್ಷರ, ಅಂಕಿ ಕಲಸಿದಂಥ ಹೆಸರುಗಳು, ಒಂದನ್ನೂ ಬಾಯಲ್ಲಿ ಹೇಳಲು ಬರುವುದಿಲ್ಲ. ಎಲ್ಲ ತೆಗೆದೆ, ಚೀಟಿ ನಿಂತಿದೆ. ಪ್ರಿಂಟೂ ಬರುತ್ತಿದೆ. ಫೈರ್‌ಫಾಕ್ಸ್ ಹಾಕಿದ್ದೇನೆ, ಹುಡುಗರು ‘ಅಣ್ಣಾ ನೆಟ್ ಫಾಸ್ಟ್ ಆಯ್ತು’ ಅನ್ನುತ್ತಿದ್ದಾರೆ.

ಒಂದು ಉಳಿದಿದೆ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ಕಪ್ಪು ಕಿಟಕಿ ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ. ಆಮೇಲೆ ಯಾರೂ ಮುಟ್ಟದೆಯೇ ಕ್ರೋಮ್ ತೆರೆದು ಒಂದು ಆಟದ ಸೈಟ್ ಬರುತ್ತದೆ. ಮತ್ತೆ ಕ್ರೋಮ್‌ನ ಮೂರು ಚುಕ್ಕೆ ಒತ್ತಿದರೆ ತೀರಾ ಕೆಳಗೆ ‘ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ’ ಅಂತ ಇಂಗ್ಲಿಷ್‌ನಲ್ಲಿ ಇದೆ. ನಮ್ಮದು ಯಾವ ಸಂಸ್ಥೆ ಸಾರ್? ನಾನು, ನನ್ನ ತಮ್ಮ ಅಷ್ಟೇ.

ಹಳೇ_ಪೆಂಟಿಯಮ್:

ಹಾಗಿದ್ದರೆ ಇದು ಸೈಟ್‌ನದ್ದಲ್ಲ, ಕಂಪ್ಯೂಟರ್ ಒಳಗೇ ಏನೋ ಕೂತಿದೆ. ಯಾವ ಬ್ಲಾಕರ್ ಹಾಕಿದರೂ ಇದು ಹೋಗುವುದಿಲ್ಲ. ಆ ‘ಸಂಸ್ಥೆ’ ಸಾಲು ಕೆಲವೊಮ್ಮೆ ಆಂಟಿವೈರಸ್‌ನಿಂದಲೂ ಬರುತ್ತದೆ. ಆದರೆ ನಿಮ್ಮಲ್ಲಿ ಎರಡೂ ಒಟ್ಟಿಗೆ ಇರುವುದರಿಂದ ನನಗೆ ಆಡ್‌ವೇರ್ (ಜಾಹೀರಾತು ತೋರಿಸಲು ಕದ್ದು ಸೇರಿಕೊಳ್ಳುವ ಸಾಫ್ಟ್‌ವೇರ್) ಮೇಲೇ ಅನುಮಾನ.

ಮಾಲ್‌ವೇರ್‌ಬೈಟ್ಸ್ ಕಂಪನಿಯವರ ಆಡ್‌ಡಬ್ಲ್ಯೂಕ್ಲೀನರ್ ಅನ್ನುವ ಆಡ್‌ವೇರ್ ತೆಗೆಯುವ ಸಾಫ್ಟ್‌ವೇರ್ ಅವರದೇ ಸೈಟ್‌ನಿಂದ ಇಳಿಸಿ. ಉಚಿತ, ಚಿಕ್ಕದು, ಇನ್‌ಸ್ಟಾಲ್ ಕೂಡ ಬೇಡ. ಸ್ಕ್ಯಾನ್ ಮಾಡಿ, ಸಿಕ್ಕಿದ್ದನ್ನು ಕ್ವಾರಂಟೈನ್ ಮಾಡಿ (ಅಂದ್ರೆ ಓಡದಂತೆ ಬೇರೆ ಇಟ್ಟು) ರೀಸ್ಟಾರ್ಟ್ ಮಾಡಿ. ಆಮೇಲೆ ಕ್ರೋಮ್ ಎಕ್ಸ್‌ಟೆನ್ಶನ್ ಪಟ್ಟಿಯಲ್ಲಿ ನೀವು ಹಾಕದೇ ಇರುವುದು, ತೆಗೆಯಲು ಬಿಡದೇ ಇರುವುದು ಏನಾದರೂ ಉಳಿದಿದೆಯಾ ನೋಡಿ.

ಆಟದ ಸೈಟ್ ಮತ್ತೂ ಬಂದರೆ ಸ್ಟಾರ್ಟ್‌ನಲ್ಲಿ ಟಾಸ್ಕ್ ಶೆಡ್ಯೂಲರ್ ಅಂತ ಹುಡುಕಿ ತೆರೆಯಿರಿ, ತಾನಾಗಿ ಓಡುವ ಕೆಲಸಗಳನ್ನು ವಿಂಡೋಸ್ ಇಡುವ ಜಾಗ ಅದು. ಎಡಗಡೆ ಲೈಬ್ರರಿ ಒತ್ತಿದರೆ ಪಟ್ಟಿ ಬರುತ್ತದೆ. ಒಂದೊಂದನ್ನೇ ಒತ್ತಿ ಕೆಳಗಿನ ಆಕ್ಷನ್ಸ್ ನೋಡಿ. ಅಲ್ಲಿ ವೆಬ್ ವಿಳಾಸ ಇರುವ ಸಾಲು ಕಂಡರೆ ಅದೇ ಕಳ್ಳ ಅಂತ ಇಟ್ಟುಕೊಳ್ಳಿ. ಅಳಿಸಬೇಡಿ, ಮೊದಲು ಡಿಸೇಬಲ್ ಮಾಡಿ. ಪ್ರಿಂಟರ್, ಸ್ಕ್ಯಾನರ್‌ಗಳ ಟಾಸ್ಕ್ ಕೂಡ ಅದೇ ಪಟ್ಟಿಯಲ್ಲಿ ಇರಬಹುದು. ಅನುಮಾನ ಬಂದರೆ ಫೋಟೋ ಹಾಕಿ, ರಾತ್ರಿ ನೋಡಿ ಹೇಳುತ್ತೇನೆ.