ಮುಳಬಾಗಿಲು ಕಡೆ ಸರ್ವೆ: ಬಾಣಂತಿಯರನ್ನು ಹೇಗೆ ಮಾತಾಡಿಸಲಿ?

ಪ್ರಶ್ನೆ (ಎಂ.ಎಸ್ಸಿ ವಿದ್ಯಾರ್ಥಿನಿ): 2017ರ ಅಕ್ಟೋಬರ್‌ 2ರಂದು ಶುರುವಾದ ಮಾತೃಪೂರ್ಣ (ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಕೊಡುವ) ಬಿಸಿಯೂಟದ ಬಗ್ಗೆ ನನ್ನ ಪ್ರಾಜೆಕ್ಟ್. ನಾನು ಹೋದ ಊರುಗಳಲ್ಲಿ ಅಂಗನವಾಡಿಗೆ ಬಂದು ಉಣ್ಣುವ ಬಾಣಂತಿಯರು ಕಡಿಮೆ. ಯಾಕೆ ಅಂತ ಕೇಳಿದರೆ ಸುಮ್ನೆ ನಗುತ್ತಾರೆ.

ಉತ್ತರ (ಅಂಗನವಾಡಿ ಕಾರ್ಯಕರ್ತೆ): ಹಸಿ ಬಾಣಂತಿ ಹೊಸಿಲು ದಾಟಲು ಅತ್ತೆ ಒಪ್ಪಬೇಕು, ಅಲ್ವಾ ತಾಯಿ? ಮೊದಲು ಅತ್ತೆಯನ್ನು ಮಾತಾಡಿಸಿ. ಬೆಳಿಗ್ಗೆ ಹೋಗಬೇಡಿ, ಟೊಮೆಟೊ ಬಿಡಿಸಲು ಹೋಗಿರುತ್ತಾರೆ.

ಉತ್ತರ (ಹಳೇ ವಿದ್ಯಾರ್ಥಿ): ಫಾರ್ಮ್ ಬದಿಗಿಡಿ. ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದಿರಿ ಅಂತ ಕೇಳಿ. ಮುದ್ದೆ ಅಂದರೆ ಸಾರು ಯಾವುದು? ಸೊಪ್ಪಿನ ಬಸ್ಸಾರಾ, ಬರೀ ಹುಣಸೆ ನೀರಾ? ಕಬ್ಬಿಣದ ಮಾತ್ರೆ ಟೀ ಜೊತೆ ನುಂಗುತ್ತಾರಾ ನೋಡಿ. ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ.

ಪ್ರಶ್ನೆ ಕೇಳಿದವರು: ಅತ್ತೆಯರಿಗೆ ಬೇರೆ ಪ್ರಶ್ನೆಪಟ್ಟಿ ಮಾಡುತ್ತೇನೆ. ಗೈಡ್ ಒಪ್ಪುವುದು ಅನುಮಾನ!